ಮೂರನೇ ಚರಣ

ಅಳಿಯ ಸ್ಪೀಕರನ್ನು ಹೆಣದ ವ್ಯಾನಿನ ನೆತ್ತಿಗೆ ಹಗ್ಗದಿಂದ ಬಿಗಿಯುತ್ತಿದ್ದ. ಆಯುಷ್ಯವೆಲ್ಲ ಊರಿನವರ ಟೈರುಗಳಿಗೆ ಪಂಕ್ಚರ್ ಹಾಕಿದ ಮನುಷ್ಯ ಒಳಗೆ ಕೈಕಾಲು ಚಾಚಿ ಮಲಗಿದ್ದ. ಉಗುರಿನ ಸಂದಿಯ ಕರಿ ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

“ಯಾವ ಹಾಡು ಹಾಕ್ತೀಯಪ್ಪ?” ಎಂದು ಮಲಗಿದ್ದವನ ಹೆಂಡತಿ ಕೇಳಿದಳು.

“ಇನ್ಯಾವುದತ್ತೆ? ಮಾವ ದಿನಾ ಗುನುಗ್ತಿದ್ರಲ್ಲ, ಆ ರಾಕ್ ಬ್ಯಾಂಡಿನವರ ಜಾನಪದ ಗೀತೆ. ಅದು ಬರದೇ ಇರೋರು ಯಾರಿದಾರೆ?”

ಗಂಡನೇ ಹೋದ ಮೇಲೆ ಗುಟ್ಟು ಕಾಯುವುದು ಯಾರಿಗೋಸ್ಕರ? ಒಬ್ಬರಿಗಾದರೂ ತಿಳಿಯಲಿ ಎಂದು ಅವಳು ಮಗಳನ್ನು ಪಕ್ಕಕ್ಕೆ ಕರೆದಳು.

“ಆ ಹಾಡಿನ ಮೂರನೇ ಚರಣ ನಿಮ್ಮಪ್ಪಂದು ಕಣೇ. ಅವರೇ ಕಟ್ಟಿದ್ದು.”

ಮಗಳು ತಾಯಿಯ ತಲೆ ಸವರಿದಳು. “ಜಾನಪದ ಅಂದ್ರೆ ಹಿಂಗೆ ಒಬ್ಬರು ಕಟ್ಟಿದ್ದು ಅಂತ ಇರಲ್ಲಮ್ಮ. ನಿನ್ನೆಯಿಂದ ಏನೂ ತಿಂದಿಲ್ಲ ನೀನು. ಒಂದು ಲೋಟ ಹಾಲಾದ್ರೂ ಕುಡಿ.”

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

*

ಮದುವೆಯಾದ ಹೊಸತು. ಕೂದಲು ಬಿಟ್ಟ ನಾಲ್ಕು ಹುಡುಗರ ವ್ಯಾನು ಗಂಡನ ಅಂಗಡಿಯ ಮುಂದೆಯೇ ಗಾಳಿ ಬಿಟ್ಟಿತ್ತು. ಟ್ಯೂಬು ಉಜ್ಜುತ್ತ ಅವನು ತನ್ನ ಅಜ್ಜಿಯ ಹಾಡು ಹೇಳಿಕೊಂಡ. ಗಿಟಾರಿನ ಹುಡುಗರು ಬಿಟ್ಟಾರೆಯೇ? ಪೂರ್ತಿ ಹಾಡಿಸಿ, ಟೇಪಿನಲ್ಲಿ ತುಂಬಿಕೊಂಡು ಹೋದರು.

ಸಂಜೆ ಅವನಿಗೆ ನಗು ತಡೆಯಲಾಗಲಿಲ್ಲ. “ಮೂರನೇ ಚರಣ ಮರೆತೇಹೋಗಿತ್ತು ಕಣೇ. ಅಷ್ಟರಲ್ಲಿ ಊಟದ ಡಬ್ಬಿ ಹಿಡ್ಕೊಂಡು ಕುಂಟ್ತಾ ಬಂದೆಯಲ್ಲ, ನಿನ್ನನ್ನೇ ನೋಡಿ ಒಂದು ಪ್ಯಾಚ್ ಹಾಕ್ಬಿಟ್ಟೆ.”

ನೋಡನೋಡುತ್ತಲೇ ಹಾಡು ಮನೆಮಾತಾಯಿತು. ಎಲ್ಲರಿಗೂ ಹೇಳಿಬಿಡೋಣ ಎಂದು ಅವಳಿಗೆ ಆಸೆ. ಅವನು ಮಾತ್ರ ಒಪ್ಪಲಿಲ್ಲ.

“ಬಾಯಿಬಿಟ್ಟೀಯ, ಹುಷಾರು. ಹಳೇದಲ್ಲ ಅಂತ ಗೊತ್ತಾದ್ರೆ ಕಿತ್ತು ಬಿಸಾಕ್ತಾರೆ. ಇರ್ಲಿ ಬಿಡು, ಅದರ ಪಾಡಿಗೆ ಅದು.”

*

ವ್ಯಾನು ಹೊರಟಿತು. ಗಿಟಾರು ಮೊಳಗಿತು. ಹಾಲಿನವನು, ಎದುರು ಗ್ಯಾರೇಜಿನ ಮೆಕ್ಯಾನಿಕ್ಕು, ಮೊನ್ನೆಯವರೆಗೂ ನಲ್ಲಿ ನೀರಿಗೆ ಜಗಳ ಕಾಯ್ದ ಪಕ್ಕದ ಮನೆಯವಳು, ಎಲ್ಲರೂ ಹಿಂದೆ ನಡೆಯುತ್ತ ದನಿಗೂಡಿಸಿದರು. ಮಂಡಿನೋವಿನ ಅವಳೊಬ್ಬಳು ಹಿಂದೆ ಬಿದ್ದಳು.

“ಬೇಗ ಬಾಮ್ಮ,” ಎಂದು ಮಗಳು ಕೈ ಹಿಡಿದೆಳೆದಳು.

ಅಷ್ಟರಲ್ಲಿ ಮೂರನೇ ಚರಣ ಬಂತು. ಬೀದಿಗೆ ಬೀದಿಯೇ ಹಾಡಿತು:

“ಹರಿದ ಚಪ್ಪಲಿಯೋಳೆ, ಅವಸರ ಮಾಡಬೇಡ,
ತಿರುವಿನಲ್ಲಿ ಕುಂತಿರುವೆ, ನಿಧಾನ ಬಾರೆ.”

ಅವಳು ಮಗಳ ಕೈ ಬಿಡಿಸಿಕೊಂಡಳು. ಮುಂದೆ ತಿರುವಿನಲ್ಲಿ ವ್ಯಾನು ನಿಂತಿತ್ತು. ಅವಳು ಕಣ್ಣೊರೆಸಿಕೊಂಡು, ಯಾರು ಕರೆದರೂ ಕೇಳಿಸಿಕೊಳ್ಳದೆ, ಒಂದೊಂದೇ ಹೆಜ್ಜೆಯಿಡುತ್ತ ನಡೆದಳು.