ಜುಲೈ ಇಪ್ಪತ್ತರ ಮೂರನೆಯ ಹೆಸರು

ನಾನೊಂದು ಕರಿಹಲಗೆ. ಹೆಬ್ಬಲಸಿನ ಮೂರು ಹಲಗೆಗಳನ್ನು ಕೂಡಿಸಿ ದೂಮಪ್ಪ ಆಚಾರಿ ನನ್ನನ್ನು ಮಾಡಿದರು. ಇದ್ದಿಲ ಪುಡಿಯನ್ನು ಸೊಪ್ಪಿನ ರಸದಲ್ಲಿ ಅರೆದು ಮಕ್ಕಳು ನನ್ನ ಮೈಗೆ ಬಳಿದರು. ನೇತ್ರಾವತಿ ದಡದ ಪ್ರೌಢಶಾಲೆಯೊಂದರ ಜಗಲಿ ನನ್ನ ನೆಲೆ. ನನ್ನ ತಲೆಯ ಮೇಲೆ ‘ಈ ದಿನದ ವಿಶೇಷ’ ಎಂಬ ಬರಹ.

ಅಂದಿನ ತಾರೀಖಿನಲ್ಲಿ ಹಿಂದೆ ನಡೆದ ದೊಡ್ಡ ಸಂಗತಿಯನ್ನು ಮುಖ್ಯೋಪಾಧ್ಯಾಯ ಶಂಭು ಮಾಸ್ಟ್ರು ದಿನವೂ ನನ್ನ ಮೇಲೆ ಬರೆಯುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಅದನ್ನು ಓದಬೇಕು. ಸಂಜೆ ಜವಾನ ಐತಪ್ಪ ಒರೆಸಬೇಕು. ಅವನಿಗೆ ಅಕ್ಷರ ಬಾರದು. “ಇವತ್ತು ಯಾವ ರಾಜ ಸತ್ತದ್ದು ಮಗಾ?” ಎಂದು ಮಕ್ಕಳನ್ನು ಕೇಳಿ ನಗುವನು.

ಸತ್ಯವನ್ನೇ ಸಾರುವವನೆಂಬ ಹೆಮ್ಮೆ ನನಗಿತ್ತು. ಅದು ೧೯೯೪ರ ಜುಲೈ ಇಪ್ಪತ್ತರಂದು ಮುರಿಯಿತು.

‘೧೯೬೯: ಮಾನವ ಚಂದ್ರನ ಮೇಲೆ ಕಾಲಿಟ್ಟ ದಿನ’ ಎಂದು ಬರೆದು ಮಾಸ್ಟ್ರು ಒಳಗೆ ಹೋದರು. ಅಂದು ಓದುವ ಸರದಿ ಹತ್ತನೆಯ ತರಗತಿಯ ಹೇಮಾವತಿಯದು. ಅವಳು ಕೆಳಗೆ ಬರೆದಳು: ‘೧೯೮೧: ನಮ್ಮೂರ ಹೆಂಚಿನ ಕಾರ್ಖಾನೆಯ ಬಿರುಕುಬಿಟ್ಟ ಗೋಡೆ ಕುಸಿದು ಏಳು ಹೆಂಗಸರು ಸತ್ತ ದಿನ.’ ಅದರಡಿ ಏಳು ಹೆಸರುಗಳು. ಸೀಮೆಸುಣ್ಣವನ್ನು ಸಕ್ಕರೆ ನೀರಿನಲ್ಲಿ ನೆನೆಸಿದ್ದಳು. ಹಬ್ಬದ ದಿನದ ಬರಹಕ್ಕೆ ನಮ್ಮಲ್ಲಿ ಹಾಗೆ ಮಾಡುತ್ತಾರೆ, ಒಣಬಟ್ಟೆಗೆ ಅದು ಅಳಿಯದು.

ನಾನು ಬೆಚ್ಚಿಬಿದ್ದೆ. ಚಂದ್ರಲೋಕದ ಸುದ್ದಿ ವರ್ಷವರ್ಷವೂ ಹೊತ್ತ ನನಗೆ ಕೂಗಳತೆಯ ಸಾವು ತಿಳಿದಿರಲಿಲ್ಲ!

ಮಾಸ್ಟ್ರು ಓಡಿಬಂದರು. “ಎಂತದು ಇದು? ಯಾರು ಹೇಳಿದ್ದು ನಿನಗೆ?”

“ಅಜ್ಜಿ, ಸರ್. ಅವರೂ ಅಲ್ಲೇ ಕೆಲಸಕ್ಕಿದ್ದದ್ದು.”

“ಅದು ಅಪಘಾತ ಮಾರಾಯ್ತಿ, ಚರಿತ್ರೆ ಅಲ್ಲ!”

“ನಮ್ಮೂರಲ್ಲಿ ಆದದ್ದು ಚರಿತ್ರೆ ಆಗುದಿಲ್ವಾ ಸರ್?”

ಅಂದು ಪುಸ್ತಕ ಹಂಚಲು ಬರುವವರು ಆ ಕಾರ್ಖಾನೆಯ ಧನಿಗಳೇ. “ಐತಪ್ಪಾ, ಒರೆಸು! ಕಾರು ಬರ್ತಾ ಉಂಟು!”

ಐತಪ್ಪ ಬಟ್ಟೆ ಹಿಡಿದ. ಚಂದ್ರ ಅಳಿದ. ಆಗ ಹೇಮಾವತಿ ಮೆಲ್ಲನೆ ಅಂದಳು: “ಐತಪ್ಪಣ್ಣ, ಮೂರನೇ ಹೆಸರು ಸೇಸಮ್ಮ.”

ಅವನ ಕೈ ನಿಂತಿತು. “ನನ್ನ ಸೇಸಮ್ಮನಾ? ಎಲ್ಲಿ, ತೋರಿಸು ಮಗಾ.”

ಅವಳು ಅವನ ಬೆರಳನ್ನು ಹಿಡಿದು ಅಕ್ಷರಗಳ ಮೇಲಿಟ್ಟಳು. ಹದಿಮೂರು ವರ್ಷಗಳ ಹಿಂದೆ ತೀರಿಹೋದ ಹೆಂಡತಿಯನ್ನು ಅವನು ಬರಹದಲ್ಲಿ ಮೊದಲ ಬಾರಿ ಮುಟ್ಟಿದ.

ಮಾಸ್ಟ್ರು ಆ ಬಟ್ಟೆಯನ್ನು ಕಸಿದು ತಾವೇ ಉಜ್ಜಿದರು. ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದ ಕೈ ಏಳು ಹೆಸರುಗಳನ್ನು ಅಳಿಸಲು ಬೆವರಿತು. ಇದಕ್ಕಿಂತ ದೊಡ್ಡ ಅಕ್ಷರದ್ರೋಹವನ್ನು ನಾನು ಕಂಡಿಲ್ಲ. ಹೆಸರುಗಳು ಅಳಿಯಲಿಲ್ಲ. ಕಾರಿನ ಸದ್ದು ಕೇಳಿದ್ದೇ, ನನ್ನ ಮುಖವನ್ನು ಗೋಡೆಗೆ ತಿರುಗಿಸಿದರು. ಧನಿಗಳು ನನ್ನ ಬೆನ್ನಿನ ಮುಂದೆ ನಿಂತು ಸತ್ಯದ ಮಹಿಮೆಯನ್ನು ಕುರಿತು ಮಾತಾಡಿದರು.

ಸಂಜೆ ಮಾಸ್ಟ್ರು ಐತಪ್ಪನನ್ನು ಕೇಳಿದರು: “ನೀರು ಹಾಕಿ ತೊಳೆದೆಯಾ?”

“ತೊಳೆದು ಉಗ್ರಾಣದಲ್ಲಿಟ್ಟೆ, ಸರ್.”

ತೊಳೆದೆನೆಂಬುದು ಸುಳ್ಳು. ಸುಳ್ಳನ್ನು ಯಾರು ಆಡಿದರೂ ಸಹಿಸದ ನಾನು ಆ ಒಂದನ್ನು ಖಂಡಿಸಲಾರೆ.

ಜಗಲಿಗೆ ಹೊಸ ಹಲಗೆ ಬಂತು. ಕೊಟ್ಟವರು ಧನಿಗಳು.

ಈಗ ಉಗ್ರಾಣದ ಮೂಲೆಯಲ್ಲಿ ನನ್ನ ಕಾಲುಗಳಿಗೆ ಗೆದ್ದಲು ಹಿಡಿದಿದೆ. ಏಳನೆಯ ಹೆಸರು ಅರ್ಧ ಹೋಗಿದೆ. ನಿವೃತ್ತನಾದ ಐತಪ್ಪ ಪ್ರತಿ ಜುಲೈ ಇಪ್ಪತ್ತರಂದು ಕೋಲೂರಿಕೊಂಡು ಬಂದು ನನ್ನನ್ನು ಬೆಳಕಿಗೆ ತಿರುಗಿಸುತ್ತಾನೆ. ಮೂರನೆಯ ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದುತ್ತಾನೆ:

“ಸೇ… ಸ… ಮ್ಮ.”

ಅವನಿಗೆ ಓದಲು ಬರುವುದು ಅಷ್ಟೇ. ಅಕ್ಷರ ಬಲ್ಲವರೇ ತುಂಬಿದ ಈ ಶಾಲೆಯಲ್ಲಿ ಅದನ್ನು ಓದುವವನು ಅವನೊಬ್ಬನೇ.