ಕಡತದ ಮೇಲಿನ ಕಲ್ಲು

ನಾನು ಒಂದು ಹೊಳೆಗಲ್ಲು. ಕರಿಯ ಬಣ್ಣ, ಕೋಳಿಮೊಟ್ಟೆಗಿಂತ ತುಸು ದೊಡ್ಡ ಗಾತ್ರ, ಒಂದು ಮಗ್ಗುಲಿಗೆ ಬಿಳಿಯ ಗೆರೆ. ಮೊದಲೇ ಹೇಳಿಬಿಡುತ್ತೇನೆ, ನನ್ನಷ್ಟು ಹೊಟ್ಟೆಕಿಚ್ಚಿನ ಕಲ್ಲು ನಿಮಗೆ ಎಲ್ಲಿಯೂ ಸಿಗಲಾರದು. ಕಲ್ಲಿಗೆಲ್ಲಿಯ ಹೊಟ್ಟೆ ಎಂದು ನಗುವವರು ನಗಲಿ, ಕಿಚ್ಚಂತೂ ಇತ್ತು.

ಹೊಳೆಯಲ್ಲಿ ಎಷ್ಟು ಕಾಲ ಉರುಳಿದೆನೋ ನೆನಪಿಲ್ಲ. ಅದನ್ನು ಹುಟ್ಟು ಎನ್ನಲು ನನಗೆ ಮನಸ್ಸಿಲ್ಲ. ನಾನು ನಿಜವಾಗಿ ಹುಟ್ಟಿದ್ದು ಒಬ್ಬ ಹುಡುಗಿ ನನ್ನನ್ನು ನೀರಿನಿಂದ ಎತ್ತಿ ಹೆಸರಿಟ್ಟ ದಿನ. ಆ ಹೊಳೆಯ ದಂಡೆಯ ಏಳು ಊರುಗಳಲ್ಲಿ ಹರಿಗೋಲು ನಡೆಸಿ ಬದುಕುವ ಜನರಿದ್ದರು. ಇವರು ತನ್ನ ವೈರಿಗಳನ್ನು ದಾಟಿಸಿದರೆಂದು ಕರಡಿಗಡ ಸಂಸ್ಥಾನದ ಅರಸನಿಗೆ ಸಿಟ್ಟು ಬಂತು. ದಾಟಿಸಿದವರು ನಾಲ್ಕೇ ಜನ. ಆದರೆ ಆ ಕುಲದ ಒಂದು ಕೂಸೂ ಉಳಿಯಬಾರದೆಂದು ಅವನು ಅಪ್ಪಣೆ ಬರೆಸಿದ. ಮೂರು ದಿನಗಳಲ್ಲಿ ಏಳು ಊರುಗಳೂ ಬರಿದಾದವು. ಬೋರಲು ಹಾಕಿದ ಹರಿಗೋಲುಗಳ ಅಡಿಯಲ್ಲಿ ಅಡಗಿದ್ದ ಕೆಲವರು ಮಾತ್ರ ಹೊಳೆ ದಾಟಿ ಪಕ್ಕದ ಹಿರೇಮಟ್ಟಿ ಸಂಸ್ಥಾನ ಸೇರಿದರು.

ಹೆಣಗಳನ್ನು ಹೊಳೆ ಒಯ್ದಿತ್ತು. ಸುಡಲಿಕ್ಕೂ ಇಲ್ಲ, ಹೂಳಲಿಕ್ಕೂ ಇಲ್ಲ. ಅದಕ್ಕೇ ಉಳಿದವರು ಸತ್ತ ಒಬ್ಬೊಬ್ಬರಿಗೂ ಒಂದೊಂದು ಕಲ್ಲು ಆರಿಸಿಕೊಂಡರು. ಆ ಹುಡುಗಿ ತನ್ನ ನಾಲ್ಕು ವರ್ಷದ ತಂಗಿಯ ಹೆಸರಿಗೆ ನನ್ನನ್ನು ಆರಿಸಿದಳು. ಹೀಗೆ ನಾನು ತುಂಗಿಯಾದೆ.

ಅವರದೊಂದು ಪದ್ಧತಿ. ಪ್ರತಿ ವರ್ಷ ಕಾರ್ತಿಕದ ಅಮಾವಾಸ್ಯೆಯ ಬೆಳಿಗ್ಗೆ ಕಲ್ಲುಗಳನ್ನು ಹೊಳೆಗೆ ತಂದು ತೊಳೆಯುತ್ತಾರೆ. ಮನೆಯ ಹಿರಿಯಳು ಒಂದೊಂದನ್ನೇ ಕೈಯಲ್ಲಿ ಹಿಡಿದು ಹೆಸರು ಹಿಡಿದು ಕರೆಯುತ್ತಾಳೆ. ಇನ್ನೊಬ್ಬರು ಸತ್ತವರ ಪರವಾಗಿ "ಓ" ಎನ್ನಬೇಕು. ಕರೆದವರೇ ಓಗೊಡುವಂತಿಲ್ಲ. ಹೊರಗಿನವರು ಓ ಎಂದರೆ ಆ ಮನೆಯವರಾದಂತೆ, ಬದುಕಿರುವ ತನಕ ಪ್ರತಿ ವರ್ಷ ಬಂದು ಓಗೊಡಬೇಕು.

ನೂರು ವರ್ಷ ಹೀಗೆಯೇ ಸಾಗಿತು. ನಾನು ಆ ಹುಡುಗಿಯ ಮೊಮ್ಮಗಳಾದ ಹೊಳೆವ್ವನ ಕೈಗೆ ಬಂದೆ. ಅವಳ ಮನೆಯ ಗೂಡಿನಲ್ಲಿ ನಾವು ಹನ್ನೊಂದು ಕಲ್ಲುಗಳು. ಹೊಳೆವ್ವನಿಗೆ ಆಗಲೇ ಎಪ್ಪತ್ತರ ಹತ್ತಿರ ವಯಸ್ಸು. ಮಗ, ಸೊಸೆ ಜ್ವರಕ್ಕೆ ಹೋಗಿದ್ದರು. ಉಳಿದವನು ಮೊಮ್ಮಗ ದುರುಗಪ್ಪ, ಎತ್ತರದ ಆಳು, ಹರಿಗೋಲು ಹಾಕುವುದರಲ್ಲಿ ಗಟ್ಟಿಗ. ನಮಗೆಲ್ಲ ಓಗೊಡುವವನು ಅವನೇ. ಉಳಿದ ಕಲ್ಲುಗಳಿಗೆ ಗಂಭೀರವಾಗಿ ಓ ಎನ್ನುತ್ತಿದ್ದವನು, ನನ್ನ ಸರದಿ ಬಂದಾಗ ದನಿಯನ್ನು ಸಣ್ಣ ಮಾಡಿ ಮಗುವಿನ ಹಾಗೆ "ಓ" ಎನ್ನುತ್ತಿದ್ದ. ಆಗ ಹೊಳೆವ್ವ ನಗುತ್ತಿದ್ದಳು. ಆ ನಗು ನನ್ನ ಪಾಲಿನದು ಎಂದು ನಾನು ಬೀಗುತ್ತಿದ್ದೆ.

ಹಿರೇಮಟ್ಟಿಯ ದಫ್ತರದಲ್ಲಿ ಆ ಮೂರು ದಿನಗಳನ್ನು "ಹೊಳೆದಂಡೆಯ ಗಲಾಟೆ" ಎಂದು ಬರೆದಿಟ್ಟಿದ್ದರು. ನೆರೆಯ ಅರಸನನ್ನು ಎದುರು ಹಾಕಿಕೊಳ್ಳುವುದೇಕೆಂದು ಅಂದಿನವರು ಮಾಡಿದ ಜಾಣತನ ಅದು. ಆ ಮಾತು ಹೊಡೆದುಹಾಕಿ "ಕುಲಸಂಹಾರ" ಎಂದು ಬರೆದು, ಸಂಸ್ಥಾನದ ಮುದ್ರೆ ಒತ್ತಿಕೊಡಬೇಕು ಎಂದು ಹೊಳೆವ್ವ ಊರವರ ಪರವಾಗಿ ಅರ್ಜಿ ಬರೆಸಿದಳು. ಸಾಕ್ಷಿಗೆ ಒಂದು ಕಲ್ಲು ಒಯ್ಯಬೇಕೆಂದಾಯಿತು. ಗೂಡಿನ ಮುಂದೆ ನಿಂತು ನನ್ನನ್ನೇ ಎತ್ತಿಕೊಂಡಳು. ಹನ್ನೊಂದು ಜನರಲ್ಲಿ ನನ್ನನ್ನೇ ಆರಿಸಿದಳಲ್ಲ ಎಂದು ನನಗೆ ಎಲ್ಲಿಲ್ಲದ ಹಿಗ್ಗು.

ಕಚೇರಿಯ ಶಿರಸ್ತೇದಾರ ಗುಂಡೋಪಂತರು ಅರ್ಜಿ ಓದಿಕೊಂಡರು. ನನ್ನನ್ನು ತಿರುಗಿಸಿ ನೋಡಿದರು. ಕಿಟಕಿಯಿಂದ ಗಾಳಿ ಬೀಸಿ ಕಾಗದ ಹಾರತೊಡಗಿತು. ಅವರು ನನ್ನನ್ನು ತೆಗೆದು ಕಾಗದದ ಮೇಲೆ ಇಟ್ಟುಬಿಟ್ಟರು.

"ಭಾಳ ಛಲೋ ಆತು," ಎಂದರು. "ಇಂಥಾದ್ದೊಂದು ಬೇಕಾಗಿತ್ತು."

ನಾಲ್ಕೇ ವರ್ಷಕ್ಕೆ ಸತ್ತ ಮಗುವಿನ ಹೆಸರಿನವಳು ನಾನು, ಒಂದೇ ಗಳಿಗೆಯಲ್ಲಿ ಕಾಗದ ಒತ್ತುವ ಗುಂಡಾದೆ. ಆ ಕಚೇರಿಯದೂ ಒಂದು ಪದ್ಧತಿ. ತಿರಸ್ಕರಿಸಿದ ಅರ್ಜಿಗೆ ಕೆಂಪು ಶಾಯಿ, ಒಪ್ಪಿದ್ದಕ್ಕೆ ಮುದ್ರೆ. ಎರಡೂ ಮಾಡಲಾಗದ್ದಕ್ಕೆ ಮೇಲೆ ಒಂದು ಭಾರ ಇಟ್ಟು ಸುಮ್ಮನೆ ಬಿಡುವುದು. ಸಾಕ್ಷಿಯನ್ನು ಹಿಂದಕ್ಕೆ ಒಯ್ದರೆ ಅರ್ಜಿಯನ್ನು ಹಿಂದಕ್ಕೆ ಪಡೆದಂತೆ ಎಂಬ ನಿಯಮವೂ ಇತ್ತು. ಹಾಗಾಗಿ ಹೊಳೆವ್ವ ನನ್ನನ್ನು ಬಿಟ್ಟು ಹೋಗಬೇಕಾಯಿತು.

ಅಂದಿನಿಂದ ನನ್ನ ಉರಿ ಶುರುವಾಯಿತು. ಮನೆಯ ಹತ್ತು ಕಲ್ಲುಗಳಿಗೆ ಹೊಳೆ, ನನಗೆ ಧೂಳು. ಅವರು ಸತ್ತದ್ದನ್ನು ಯಾರಿಗೂ ಸಾಬೀತು ಮಾಡಬೇಕಾಗಿಲ್ಲ. ಸಾಬೀತು ಮಾಡುವ ಕೆಲಸವೆಲ್ಲ ನನ್ನ ತಲೆಗೇ ಬಂತು. ಅದಕ್ಕಿಂತ ಹೆಚ್ಚು ಉರಿಸಿದ್ದು ಮೇಜಿನ ಮೇಲಿದ್ದ ಹಿತ್ತಾಳೆಯ ಮುದ್ರೆ. ಮಖಮಲ್ಲಿನ ಪೆಟ್ಟಿಗೆ ಅದಕ್ಕೆ, ದಿನವೂ ಒರೆಸಲು ಒಬ್ಬ ಜವಾನ. ಎಮ್ಮೆಯ ತಂಟೆ, ಬಾವಿಯ ತಂಟೆ, ಯಾವುದರ ಮೇಲಾದರೂ ಅದು ಒಮ್ಮೆ ಕೂತೆದ್ದರೆ ಸಾಕು, ಆ ಮಾತು ಖರೆಯಾಗಿಬಿಡುತ್ತಿತ್ತು. ನಾನು ವರ್ಷಗಟ್ಟಲೆ ಕೂತರೂ ನನ್ನ ಅಡಿಯ ಕಾಗದದಲ್ಲಿ ಒಂದು ಗುರುತೂ ಮೂಡುತ್ತಿರಲಿಲ್ಲ. ಅದು ಪೆಟ್ಟಿಗೆಯಿಂದ ಹೊರಬಂದಾಗಲೆಲ್ಲ ಜಾರಿ ಬಿದ್ದು ನೆಗ್ಗಿ ಹೋಗಲಿ ಎಂದು ಶಪಿಸುತ್ತಿದ್ದೆ.

ಒಂದೇ ಸಮಾಧಾನವೆಂದರೆ, ಕಾರ್ತಿಕದ ಅಮಾವಾಸ್ಯೆಗೆ ಹೊಳೆವ್ವ ತಂಬಿಗೆಯಲ್ಲಿ ಹೊಳೆಯ ನೀರು ಹಿಡಿದು ಕಚೇರಿಗೆ ಬರುತ್ತಿದ್ದಳು. ದಿವಾನ ವಾಮನರಾಯರು ಬೇಡವೆನ್ನಲಿಲ್ಲ. ಪಡಸಾಲೆಯಲ್ಲಿ ನನ್ನನ್ನು ತೊಳೆದು "ತುಂಗೀ" ಎಂದು ಕರೆಯುತ್ತಿದ್ದಳು. ಗುಮಾಸ್ತರೆಲ್ಲ ನಗುತ್ತಿದ್ದರೂ ದುರುಗಪ್ಪ ನಾಚದೆ ಸಣ್ಣ ದನಿಯಲ್ಲಿ "ಓ" ಎನ್ನುತ್ತಿದ್ದ. ಆಮೇಲೆ ನನ್ನನ್ನು ಮತ್ತೆ ಕಡತದ ಮೇಲೆ ಇಡುತ್ತಿದ್ದರು.

ಅಷ್ಟರಲ್ಲಿ ದೊಡ್ಡ ಯುದ್ಧ ಬಂತು. ಹಿರೇಮಟ್ಟಿ, ಕರಡಿಗಡ ಎರಡೂ ಸಂಸ್ಥಾನಗಳು ಸೇರಿ ಒಂದು ಪಲಟಣ ಕಟ್ಟಿ ಬರ್ಮಾಕ್ಕೆ ಕಳಿಸಿದವು. ಅರ್ಧ ಇವರು, ಅರ್ಧ ಅವರು, ಊಟ ಒಂದೇ ಒಲೆಯದು. ದುರುಗಪ್ಪ ಅದರಲ್ಲಿ ಸೇರಿ ಹೋದ. ಆ ವರ್ಷ ಹೊಳೆವ್ವ ಒಬ್ಬಳೇ ಬಂದು ಕರೆದಳು. ಯಾರೂ ಓ ಎನ್ನಲಿಲ್ಲ.

ವಾಮನರಾಯರು ಅದನ್ನು ಕಂಡರು. ಕೆಟ್ಟವರಲ್ಲ ಅವರು. ಮರುದಿನವೇ ಹಳೆಯ ದಫ್ತರ ತೆಗೆಸಿ ತಿಂಗಳುಗಟ್ಟಲೆ ಹುಡುಕಿದರು. ಕರಡಿಗಡದ ಅರಸನ ಆ ಅಪ್ಪಣೆಯ ನಕಲು ಸಿಕ್ಕಿತು. ಅದನ್ನು ಓದಿ ಅರ್ಜಿಯಲ್ಲಿ ಕೇಳಿದಂತೆಯೇ ಹುಕುಂ ಬರೆಸಿ ಹೊಳೆವ್ವನನ್ನು ಕರೆಸಿದರು. ಪೆಟ್ಟಿಗೆ ತೆರೆಯಿತು. ಮುದ್ರೆಗೆ ಶಾಯಿ ಹತ್ತಿತು. ನನ್ನ ಜೀವಮಾನದಲ್ಲಿ ಮೊದಲ ಸಲ ಆ ಹಿತ್ತಾಳೆಯ ಮೋರೆ ನೋಡಿ ನನಗೆ ಸಂತೋಷವಾಯಿತು.

ಆದರೆ ಅದೇ ಬೆಳಿಗ್ಗೆ ಕರಡಿಗಡದಿಂದ ಒಂದು ಪತ್ರ ಬಂದಿತ್ತು. ಗುಂಡೋಪಂತರ ಬಾಯಿಯಿಂದ ಸುದ್ದಿ ಅಲ್ಲಿಯವರೆಗೂ ಹೋಗಿತ್ತೇನೋ. ರಾಯರು ಅದನ್ನು ಹೊಳೆವ್ವನಿಗೆ ಓದಿ ಹೇಳಿದರು.

"ನೋಡು ಹೊಳೆವ್ವಾ, ಇದು ಖರೆ ಅಂತ ನನಗೂ ಗೊತ್ತದ, ಅವರಿಗೂ ಗೊತ್ತದ. ಆದರ ಈ ಹುಕುಂ ಹೊರಟರ ಅವರು ಪಲಟಣದಿಂದ ತಮ್ಮ ಮಂದಿನ್ನ ಹಿಂದಕ್ಕ ಕರಸ್ತಾರಂತ. ಅರ್ಧ ಪಲಟಣ ಹೋದರ ಉಳದಾವ್ರ ಗತಿ ಏನು? ನಿನ್ನ ಮೊಮ್ಮಗ ಅಲ್ಲೇ ಇದ್ದಾನ. ನಾ ಒಬ್ಬನ ನಿರ್ಧಾರ ಮಾಡಲಾರೆ. ನೀನ ಹೇಳು."

ಹೊಳೆವ್ವ ನನ್ನನ್ನು ನೋಡಿದಳು. ಹೇಳು, ಒತ್ತು ಅನ್ನು ಎಂದು ನಾನು ಒಳಗೇ ಅರಚಿಕೊಂಡೆ. ನೂರು ವರ್ಷದಿಂದ ಕಾದವಳು ನಾನು, ನಿನ್ನೆ ಮೊನ್ನೆ ಹುಟ್ಟಿದ ಆ ದುರುಗಪ್ಪನಲ್ಲ.

"ನಮ್ಮ ತುಂಗಿ ಒಮ್ಮೆ ಸತ್ತಾಳ್ರೀ," ಎಂದಳು ಹೊಳೆವ್ವ. "ಅಕಿ ಮತ್ತ ಸಾಯೂದಿಲ್ಲ. ಇವಾ ಇನ್ನೂ ಅದಾನ. ಮುಚ್ಚ್ರಿ ಆ ಪೆಟಗಿ."

ಮುದ್ರೆಯ ಶಾಯಿ ಒರೆಸಿದರು. ನನ್ನನ್ನು ಮತ್ತೆ ಕಡತದ ಮೇಲೆ ಇಟ್ಟರು.

ಆ ದಿನ ನನಗಾದ ಹೊಟ್ಟೆಕಿಚ್ಚನ್ನು ಮುಚ್ಚಿಡುವುದಿಲ್ಲ. ಮುದ್ರೆಯನ್ನು ಮರೆತುಬಿಟ್ಟೆ. ನನ್ನ ಸಿಟ್ಟೆಲ್ಲ ದುರುಗಪ್ಪನ ಮೇಲೆ ತಿರುಗಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ಅವನು. ನನ್ನವಳೇ ತೂಗಿ ನನ್ನನ್ನು ಹಗುರ ಮಾಡಿದಳು. ನನಗೆ ಓಗೊಟ್ಟವನೇ ನನ್ನ ಪಾಲನ್ನು ಕಸಿದ. ಹಾಳಾಗಿ ಹೋಗಲಿ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಕಲ್ಲಿನ ಶಾಪ ತಟ್ಟುವುದಿಲ್ಲವೆಂದು ಗೊತ್ತು. ಆದರೂ ಆ ಮಾತು ನೆನೆದರೆ ಈಗಲೂ ಬಿಸಿಲಿನಲ್ಲೂ ತಣ್ಣಗಾಗುತ್ತೇನೆ.

ಕರಡಿಗಡದವರು ಮಾತಿನಂತೆ ಪಲಟಣದಲ್ಲಿ ಉಳಿದರು. ದುರುಗಪ್ಪ ಉಳಿಯಲಿಲ್ಲ. ಮರು ಮಳೆಗಾಲದಲ್ಲಿ ಬರ್ಮಾದ ಒಂದು ನದಿಯಲ್ಲಿ ಗಾಯಾಳುಗಳನ್ನು ದಾಟಿಸುತ್ತಿದ್ದಾಗ ಗುಂಡು ತಗಲಿ ನೀರಿಗೆ ಬಿದ್ದನೆಂದು ಕಾಗದ ಬಂತು. ದೇಹ ಸಿಗಲಿಲ್ಲ. ಆ ಕಾಗದವನ್ನು ಗುಂಡೋಪಂತರು ಮೇಜಿನ ಮೇಲೆ ಇಟ್ಟು, ಗಾಳಿಗೆ ಹಾರದಿರಲೆಂದು ನನ್ನನ್ನೇ ಅದರ ಮೇಲೆ ಇಟ್ಟರು.

ಯುದ್ಧ ಮುಗಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂತು. ಸಂಸ್ಥಾನಗಳೆಲ್ಲ ವಿಲೀನವಾಗುವ ಹೊತ್ತು. ಕಚೇರಿಯ ಕೊನೆಯ ದಿನ ವಾಮನರಾಯರು ನನ್ನನ್ನು ಪಕ್ಕಕ್ಕಿಟ್ಟು ಕಡತ ಬಿಚ್ಚಿದರು. ಹುಕುಂ ಮೇಲೆ ಮುದ್ರೆ ಒತ್ತಿದರು.

"ಈಗ ಯಾರಿಗೂ ತ್ರಾಸಿಲ್ಲ ಬಿಡ್ರಿ ರಾಯರ," ಎಂದರು ಗುಂಡೋಪಂತರು.

"ಅದಕ್ಕ ನಾಚಿಕಿ ಆಗ್ತದ," ಎಂದರು ರಾಯರು.

ಶಾಯಿ ಆರುವ ತನಕ ಕಾಗದದ ಅಂಚಿಗೆ ನಾನೇ ಭಾರ. ಅಂದು ಸಂಜೆ ಮುದ್ರೆಯನ್ನು ಅರದಿಂದ ಗೀರಿ ಕೆಡಿಸಿ ಹೊಸ ಸರಕಾರಕ್ಕೆ ಒಪ್ಪಿಸಿಬಿಟ್ಟರು. ಅದರ ದುರವಸ್ಥೆ ನೋಡಿ ಕುಣಿಯಬೇಕಾಗಿದ್ದ ನಾನು ಸುಮ್ಮನೆ ಕೂತಿದ್ದೆ.

ಕಾರ್ತಿಕದ ಅಮಾವಾಸ್ಯೆಯಂದು ರಾಯರು ಆ ಹುಕುಮನ್ನೂ ನನ್ನನ್ನೂ ಹಿಡಿದುಕೊಂಡು ತಾವೇ ಹೊಳೆದಂಡೆಗೆ ಬಂದರು. ಊರವರೆಲ್ಲ ಕಲ್ಲು ತೊಳೆಯುತ್ತಿದ್ದರು. ಅವರ ಮುಂದೆ ರಾಯರು "ಕುಲಸಂಹಾರ" ಎಂಬ ಆ ಮಾತನ್ನು ಗಟ್ಟಿಯಾಗಿ ಓದಿದರು. ಕೆಲವರು ಅತ್ತರು. ಹೊಳೆವ್ವ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ಪಕ್ಕದವರ ಕೈಗೆ ಕೊಟ್ಟಳು. ನನ್ನನ್ನು ನೀರಿಗೆ ಇಳಿಸಿದಳು. ಎಂಟು ವರ್ಷ ತಂಬಿಗೆಯ ನೀರಾದ ಮೇಲೆ ಹರಿಯುವ ಹೊಳೆ.

"ತುಂಗೀ…"

ಅವಳ ಮನೆಯಲ್ಲಿ ಓಗೊಡುವವರು ಯಾರೂ ಇರಲಿಲ್ಲ. ಎರಡು ಸಲ ಕರೆದಳು. ಮೂರನೆಯ ಸಲ ರಾಯರು ರುಮಾಲು ತೆಗೆದು ಕೈಯಲ್ಲಿ ಹಿಡಿದು "ಓ" ಎಂದರು. ಮುದುಕನ ಒಡಕು ದನಿ. ಆದರೆ ಕಚೇರಿಯ ಯಾವ ಹುಕುಮಿನಿಂದಲೂ ಆಗದ ಸುಖ ನನಗೆ ಆ ಓ ಕೇಳಿ ಆಯಿತು.

ಆಗ ಹೊಳೆವ್ವ ಸೆರಗಿನಿಂದ ಇನ್ನೊಂದು ಕಲ್ಲು ತೆಗೆದಳು. ಹೊಸದು, ಉದ್ದನೆಯದು, ಬೂದು ಬಣ್ಣದ್ದು, ಇಷ್ಟು ವರ್ಷ ಒಮ್ಮೆಯೂ ಕರೆಯದೆ ಇಟ್ಟುಕೊಂಡದ್ದು.

"ದುರುಗಪ್ಪಾ…"

ನೆರೆಮನೆಯವನೊಬ್ಬ ಓ ಎನ್ನಲು ಬಾಯಿ ತೆರೆದ. ಹೊಳೆವ್ವ ಕೈ ಅಡ್ಡ ಮಾಡಿದಳು.

"ನೀ ಸುಮ್ಕಿರಪಾ. ಅವನ್ನ ತುಂಗಿ ಎದುರಿಗೆ ತಕ್ಕಡ್ಯಾಗ ಇಟ್ಟಾವ್ರು ನಾನು, ಈ ರಾಯರು. ಕರಿಯಾಕಿ ನಾನು. ಓ ಅನ್ನಾವ್ರು ಅವರು."

ರಾಯರು ಬಾಯಿ ತೆರೆದರು. ದನಿ ಹೊರಡಲಿಲ್ಲ. ಕೈಯಲ್ಲಿದ್ದ ರುಮಾಲನ್ನು ಮರಳಿನ ಮೇಲೆ ಇಟ್ಟರು.

"ಅವಸರಿಲ್ರೀ," ಎಂದಳು ಹೊಳೆವ್ವ. "ಮುಂದಿನ ವರ್ಷ ಮತ್ತ ಕರೀತೇನಿ."

ಈಗ ನಾನು ಮತ್ತೆ ಗೂಡಿನಲ್ಲಿದ್ದೇನೆ. ಪಕ್ಕದಲ್ಲೇ ಆ ಬೂದು ಕಲ್ಲು. ರಾಯರು ಪ್ರತಿ ವರ್ಷ ಬರುತ್ತಾರೆ. ನನ್ನ ಹೆಸರಿಗೆ ತಪ್ಪದೆ ಓಗೊಡುತ್ತಾರೆ. ದುರುಗಪ್ಪನ ಹೆಸರು ಬಂದಾಗ ಮಾತ್ರ ಇನ್ನೂ ಓ ಎನ್ನಲಾರರು, ಹೊಳೆವ್ವ ಕಾಯುತ್ತಾಳೆ, ದಂಡೆಯೇ ಕಾಯುತ್ತದೆ. ಇಷ್ಟೊಂದು ಜನ ನನಗಾಗಿ ಎಂದೂ ಕಾದಿರಲಿಲ್ಲ. ಹಳೆಯ ನಾನಾಗಿದ್ದರೆ ಅದಕ್ಕೂ ಉರಿದುಬೀಳುತ್ತಿದ್ದೆ. ಈಗ ಅನ್ನಿಸುವುದು ಒಂದೇ: ಕಚೇರಿಯ ಪಡಸಾಲೆಯಲ್ಲಿ ಎಲ್ಲರ ನಗೆಯ ನಡುವೆ ನನಗಾಗಿ ಸಣ್ಣ ದನಿ ಮಾಡಿದವನು ಅವನು. ನನಗೊಂದು ಬಾಯಿ ಇದ್ದಿದ್ದರೆ, ಅವನ ಹೆಸರು ಕರೆದಾಗ ಮೊದಲು ನಾನೇ ಓ ಎಂದುಬಿಡುತ್ತಿದ್ದೆ.