ಗೋಡೆ ಒಣಗುವವರೆಗೆ

ಮನೆ ಕಟ್ಟಿ ನೋಡು ಎಂದವರು, ಕಟ್ಟಿದ ಮೇಲೆ ಒಣಗಿಸಿ ನೋಡು ಎಂದು ಯಾಕೆ ಹೇಳಲಿಲ್ಲವೋ ಕಾಣೆ. ಗಾರೆಯ ಹಸಿ ಆರುವ ಮೊದಲೇ ಬಣ್ಣ ಬಳಿಸಿ ಒಳಗೆ ಬಂದ ಗಂಡ ಹೆಂಡತಿಗೆ ಮೂರನೇ ವಾರದಲ್ಲಿ ಗೋಡೆ ಬೆವರುವುದು ಕಂಡಿತು. ಕಪಾಟಿನಲ್ಲಿದ್ದ ಬೂಟಿಗೆ ಬೂಷ್ಟು ಹಿಡಿಯಿತು. ಹೆಂಡತಿಗೆ ಕೆಮ್ಮು ಶುರುವಾಯಿತು.

ಮೇಸ್ತ್ರಿ ಬಂದು ಕೋಣೆಯ ಗಾಳಿಯ ತೇವ ಅಳೆಯುವ ಅಂಗೈಯಗಲದ ಮೀಟರ್ ಕೊಟ್ಟು ಹೋದ. ವಾರವಿಡೀ ಅರವತ್ತೈದರ ಒಳಗಿದ್ದರೆ ಕಿಟಕಿ ತೆರೆದಿಟ್ಟುಕೊಂಡು ಇರಬಹುದು, ದಾಟಿದರೆ ಬಣ್ಣ ಕೆರೆದು ಎರಡು ತಿಂಗಳು ಮನೆ ಖಾಲಿ ಬಿಡಬೇಕು ಎಂದ. ಖಾಲಿ ಬಿಟ್ಟರೆ ಹೋಗಬೇಕಾದದ್ದು ಗಂಡನ ಅಣ್ಣನ ಮನೆಗೆ. ಅಲ್ಲಿ ಅವಳು ಹನ್ನೊಂದು ವರ್ಷ ವಾರಗಿತ್ತಿಯ ಕೈಕೆಳಗೆ ಬದುಕಿದ್ದಳು. ಹೊರಟ ದಿನ ವಾರಗಿತ್ತಿ, ಎಷ್ಟು ದಿನ ನೋಡೋಣ ಎಂದು ನಕ್ಕಿದ್ದಳು.

ಗಂಡನ ಕೆಲಸ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವುದು. ಇಪ್ಪತ್ತೆರಡು ವರ್ಷದಲ್ಲಿ, ಯಾರು ಎಷ್ಟು ಕಾಫಿ ಕುಡಿಸಿದರೂ, ಒಂದು ಅಂಕಿ ಹೆಚ್ಚುಕಮ್ಮಿ ಬರೆದವನಲ್ಲ. ದೇವರಿಗಿಂತ ಮೀಟರನ್ನೇ ಹೆಚ್ಚು ನಂಬುವ ಆಸಾಮಿ. ಬೆಳಿಗ್ಗೆ ಎದ್ದು ನೋಡಿದರೆ ದಿನವೂ ಐವತ್ತೆಂಟು. ಗೋಡೆ ಮುಟ್ಟಿದರೆ ಕೈ ಒದ್ದೆ. ಅವನು ಗೋಡೆಯನ್ನೇ ಅನುಮಾನಿಸಿದ.

ಶನಿವಾರ ಬೇಗ ಎದ್ದವನಿಗೆ ಮೀಟರ್ ಕಾಣಲಿಲ್ಲ. ಹುಡುಕಿದರೆ ಅಕ್ಕಿ ಡಬ್ಬಿಯೊಳಗೆ ಸಿಕ್ಕಿತು. ಒಣ ಅಕ್ಕಿ ತೇವ ಹೀರುತ್ತದೆಂದು ಹೆಂಡತಿಗೆ ಗೊತ್ತಿತ್ತು; ರಾತ್ರಿ ಅದರಲ್ಲಿ ಹೂತಿಟ್ಟು, ಅವನು ಏಳುವ ಹೊತ್ತಿಗೆ ತೆಗೆದಿಡುತ್ತಿದ್ದಳು. ಮೇಜಿನ ಮೇಲಿಟ್ಟು ಒಂದು ಗಂಟೆ ಕಾದ. ಎಂಬತ್ತೆರಡು ತೋರಿಸಿತು.

ಅವಳು ತಲೆ ತಗ್ಗಿಸಲಿಲ್ಲ. "ಅಲ್ಲಿ ಸ್ನಾನಕ್ಕೂ ಅಕ್ಕನ್ನ ಕೇಳ್ಬೇಕಿತ್ತು ರೀ. ಕೆಮ್ಮಿದ್ರೂ ನನ್ನ ಮನೇಲಿ ಕೆಮ್ತೀನಿ" ಎಂದಳು.

ಭಾನುವಾರ ಮೇಸ್ತ್ರಿ ಬಂದು ಎಷ್ಟಿದೆ ಎಂದು ಕೇಳಿದ.

"ಐವತ್ತೆಂಟು" ಎಂದ ಗಂಡ, ಕಿಟಕಿಯ ಕಡೆ ನೋಡುತ್ತ. ಅವನ ಗಂಟಲು ಒಣಗಿತ್ತು. ಆ ಮನೆಯಲ್ಲಿ ಒಣಗಿದ್ದು ಅದೊಂದೇ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅವನ ಮುಖ ನೋಡಿದಳು. ಆ ಬಾಯಿಂದ ಸುಳ್ಳು ಅಂಕಿ ಬಂದದ್ದನ್ನು ಅವಳು ಕೇಳಿದ್ದು ಇದೇ ಮೊದಲು. ಅದು ವಾರಗಿತ್ತಿಯ ನಗುವಿಗಿಂತ ಹೆಚ್ಚು ಚುಚ್ಚಿತು.

"ಎಂಬತ್ತೆರಡು" ಎಂದಳು. "ನಾಳೆಯಿಂದ್ಲೇ ಬಣ್ಣ ಕೆರೀರಿ."

ಮಧ್ಯಾಹ್ನ ಇಬ್ಬರೂ ಸಾಮಾನು ಕಟ್ಟಿದರು. ಗಂಡ ಬೀಗದ ಕೈಯನ್ನು ಮೇಸ್ತ್ರಿಗೆ ಕೊಡಹೋದಾಗ ಅವಳು ನಡುವೆ ಕೈ ಚಾಚಿ ಇಸಿದುಕೊಂಡಳು. ದಿನಾ ಬೆಳಿಗ್ಗೆ ಬಂದು ಬಾಗಿಲು ತೆಗೆಯುವವಳು ತಾನೇ ಎಂದಳು, ಕಿಟಕಿಗಳನ್ನೂ.